ಕಾಲುಭಾಗ ಅಳತೆಯ ಪೈಪರ್ ಕಬ್‌ಗೆ ಎಂಥ ಸರ್ವೋ ಹಾಕೋದು?

ಗಿಣಿಗೇರಾ ಗಾಳಿಪಟ, ಕೊಪ್ಪಳ

ಎಲ್ರಿಗೂ ನಮಸ್ಕಾರ್ರಿ. ಪೈಪರ್ ಜೆ-3 ಕಬ್ ವಿಮಾನದ್ದು ಕಾಲುಭಾಗ ಅಳತಿ ರಿಮೋಟ್ ಮಾಡೆಲ್ ಕಟ್ಟಾಕತ್ತೀನಿ. ರೆಕ್ಕಿ ಈ ತುದಿಯಿಂದ ಆ ತುದಿಗೆ 2.69 ಮೀಟರ್, ಅಂದ್ರ ಒಂಬತ್ತಡಿಗೆ ಚೂರು ಕಮ್ಮಿ. ಬಾಲ್ಸಾ, ಪ್ಲೈವುಡ್, ಮುಂದ 30 ಸಿಸಿ ಪೆಟ್ರೋಲ್ ಎಂಜಿನ್. ತೂಕ 8 ಕೆಜಿ ಒಳಗ ಮುಗಿಸಬೇಕಂತ ಹಟ ಐತಿ. ಚೌಕಟ್ಟು ಮುಗದೈತಿ, ಹೊದಿಕಿ ಹಾಕೂದಕ್ಕಿಂತ ಮೊದಲ ಸರ್ವೋ (ರೆಕ್ಕಿ, ಬಾಲದಾಗಿನ ಪಟ್ಟಿ ತಿರುಗಿಸೂ ಸಣ್ಣ ಮೋಟರ್ ಪೆಟ್ಟಿಗಿ) ಕೂಡೂ ಜಾಗ ಕೊರೀಬೇಕು. ಅದಕ ಈಗ ಕೇಳಾಕತ್ತೀನಿ.

ಇಲ್ಲೀತನ ಹಾರಿಸಿದ್ದೆಲ್ಲ ಫೋಮ್ ವಿಮಾನ, 9 ಗ್ರಾಂ ಸರ್ವೋ ಬಿಟ್ಟು ಬ್ಯಾರೆ ಗೊತ್ತಿಲ್ಲ. ಒಬ್ರು "ದೊಡ್ಡ ವಿಮಾನಕ್ಕ 25 ಕೆಜಿದ ಬೇಕು" ಅಂತಾರ, ಇನ್ನೊಬ್ರು "ಕಬ್‌ಗೆ ಸ್ಟ್ಯಾಂಡರ್ಡ್ ಸರ್ವೋ ಧಾರಾಳ ಆತು" ಅಂತಾರ. ಅಳತಿ ಕೊಡ್ತೀನಿ, ನೋಡಿ ಹೇಳ್ರಿ. ಐಲೆರಾನ್ (ರೆಕ್ಕಿ ಹಿಂದಿನ ಅಂಚಿನ ಪಟ್ಟಿ) ಒಂದೊಂದು 65 ಸೆಂ.ಮೀ ಉದ್ದ, 10 ಸೆಂ.ಮೀ ಅಗಲ. ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ಅರ್ಧರ್ಧ 42 ಉದ್ದ, 11 ಅಗಲ. ರಡ್ಡರ್ (ಬಾಲದ ನಿಂತ ಪಟ್ಟಿ) 45 ಎತ್ತರ, 17 ಅಗಲ. ಕಬ್‌ಗೆ ಫ್ಲ್ಯಾಪ್ ಇಲ್ಲ.

ಕೋಟೆಗುಡ್ಡ, ಬಳ್ಳಾರಿ

ಇಷ್ಟಕ್ಕೆ ಯಾಕಣ್ಣ ತಲೆ ಕೆಡಿಸ್ಕೊಂತೀಯ? ಎಲ್ಲದಕ್ಕೂ 25 ಕೆಜಿದು ಹಾಕ್ಬಿಡು, ಮುಗೀತು. ನನ್ನ 50 ಸಿಸಿ ಎಕ್ಸ್‌ಟ್ರಾಗೆ (ಗಾಳೀಲಿ ಕಸರತ್ತು ಮಾಡೋ ವಿಮಾನ) ಹಂಗೇ ಹಾಕಿದೀನಿ, ಬಂಡೆ ಇದ್ದಂಗೈತೆ. ಮೇಲೆ ಹೋದ್ಮೇಲೆ ಟಾರ್ಕ್ (ತಿರುಗಿಸೋ ಬಲ) ಸಾಲ್ಲಿಲ್ಲ ಅಂದ್ರೆ ಅಂಗಡಿಗೆ ಓಡಾಕಾಗಲ್ಲ.

ಎರೆಹೊಲ, ರಾಯಚೂರು

ಗಿಣಿಗೇರಾದವರೆ, ಅಳತೆ ಕೊಟ್ಟು ಕೇಳಿದ್ದು ಬಹಳ ಒಳ್ಳೇದಾಯ್ತು. ಬಹಳಷ್ಟು ಜನ "ನಂದು 30 ಸಿಸಿ, ಯಾವ ಸರ್ವೋ" ಅಂತ ಕೇಳ್ತಾರೆ. ಎಂಜಿನ್ನಿನ ಸಿಸಿ ನೋಡಿ ಸರ್ವೋ ಆರಿಸಲಿಕ್ಕೆ ಬರೋದಿಲ್ಲ. ಸರ್ವೋ ಹೊರೋದು ವಿಮಾನದ ತೂಕವನ್ನಲ್ಲ, ಆ ಪಟ್ಟಿಯ ಮೇಲೆ ಬೀಳುವ ಗಾಳಿಯ ಒತ್ತಡವನ್ನು.

ಹವ್ಯಾಸಿಗಳ ನಡುವೆ ಹಳೇ ಕಾಲದಿಂದ ಓಡಾಡುವ ಒಂದು ಸೂತ್ರ ಇದೆ. ಮೂಲದಲ್ಲಿ ಔನ್ಸು, ಮೈಲಿ ಎಲ್ಲ ಕಲಸಿಕೊಂಡಿದೆ. ನಮ್ಮ ಲೆಕ್ಕಕ್ಕೆ ಇಳಿಸಿದರೆ ಹೀಗೆ: ಪಟ್ಟಿಯ ಅಗಲದ ವರ್ಗ, ಅದಕ್ಕೆ ವೇಗದ ವರ್ಗ, ಅದಕ್ಕೆ ಪಟ್ಟಿಯ ಉದ್ದ, ಮೂರನ್ನೂ ಗುಣಿಸಿ 42 ಲಕ್ಷದಿಂದ ಭಾಗಿಸಿ. ಅಗಲ, ಉದ್ದ ಸೆಂ.ಮೀನಲ್ಲಿ, ವೇಗ ಗಂಟೆಗೆ ಕಿ.ಮೀನಲ್ಲಿ. ಬಂದ ಉತ್ತರವನ್ನು ಪಟ್ಟಿ ಎಷ್ಟು ಡಿಗ್ರಿ ತಿರುಗುತ್ತದೋ ಅದರ ಅಂಕಿಯಿಂದ ಗುಣಿಸಿ. 25 ಡಿಗ್ರಿಗೆ 0.2, 30ಕ್ಕೆ 0.29, 35ಕ್ಕೆ 0.4, 45ಕ್ಕೆ 0.7. ಇದು ಸರ್ವೋ ತಾನು 45 ಡಿಗ್ರಿ ತಿರುಗುತ್ತದೆ ಅಂತ ಹಿಡಿದ ಲೆಕ್ಕ, ಅದನ್ನು ಮರೀಬೇಡಿ, ಮುಂದೆ ಅದರ ಮಾತು ಬರ್ತದೆ.

ಈಗ ನಿಮ್ಮ ಕಬ್. ಮಾಮೂಲಿ ಹಾರಾಟ ಅರವತ್ತು ಎಪ್ಪತ್ತರಲ್ಲಿ ಇರ್ತದೆ, ಮೂತಿ ಕೆಳಗೆ ಮಾಡಿ ಬಿಟ್ಟಾಗ 100 ಅಂತ ಇಟ್ಟುಕೊಳ್ಳೋಣ. ಐಲೆರಾನಿಗೆ 10ರ ವರ್ಗ 100, ವೇಗದ ವರ್ಗ 10,000, ಉದ್ದ 65. ಗುಣಿಸಿದರೆ ಆರೂವರೆ ಕೋಟಿ. 42 ಲಕ್ಷದಿಂದ ಭಾಗಿಸಿದರೆ ಹದಿನೈದೂವರೆ, 0.2ರಿಂದ ಗುಣಿಸಿದರೆ 3 ಕೆಜಿ-ಸೆಂ.ಮೀ. ಎಲಿವೇಟರ್ ಒಂದು ಅರ್ಧಕ್ಕೆ 2.4. ರಡ್ಡರ್‌ಗೆ 30 ಡಿಗ್ರಿ ಹಿಡಿದರೆ 9.

ಎಲ್ಲರೂ ಐಲೆರಾನ್ ಅಂತ ಹೆದರುತ್ತಾರೆ, ಕಬ್‌ನಲ್ಲಿ ಭಾರ ಇರೋದು ರಡ್ಡರ್‌ನಲ್ಲಿ. ಯಾಕೆಂದರೆ ಅಗಲ ವರ್ಗವಾಗಿ ಬರ್ತದೆ, ಉದ್ದ ಹಾಗಲ್ಲ. 10 ಇದ್ದ ಪಟ್ಟಿ 17 ಆದರೆ ಹೊರೆ ಮೂರು ಪಟ್ಟಿನ ಹತ್ತಿರ ಹೋಗ್ತದೆ. ಲೆಕ್ಕಕ್ಕೆ ಬಂದದ್ದರ ಎರಡರಷ್ಟು ಇಟ್ಟುಕೊಳ್ಳೋದು ನನ್ನ ಪದ್ಧತಿ. ಐಲೆರಾನ್, ಎಲಿವೇಟರ್‌ಗೆ 6 ಇದ್ದರೆ ನಿಶ್ಚಿಂತೆ. ರಡ್ಡರ್‌ಗೆ 9, 10 ಇದ್ದರೆ ಸಾಕು, ಅಲ್ಲಿ ಎರಡರಷ್ಟು ಬೇಡ. 100ರ ವೇಗದಲ್ಲಿ ಯಾರೂ ಪೂರ್ತಿ ರಡ್ಡರ್ ಒದೆಯೋದಿಲ್ಲ, ಅರವತ್ತರಲ್ಲಿ ಅದೇ ಲೆಕ್ಕ ಮೂರೂ ಚಿಲ್ಲರೆಗೆ ಇಳೀತದೆ.

ಕೋಟೆಗುಡ್ಡ, ಬಳ್ಳಾರಿ

ಲೆಕ್ಕದ ಮೇಷ್ಟ್ರೇ, ಹಂಗಾರೆ ನಾನು ಹಾಕಿರೋದು ದಂಡನಾ? ಐಲೆರಾನ್ 80 ಉದ್ದ, 14 ಅಗಲ. 35 ಡಿಗ್ರಿ ತಿರುಗುತ್ತೆ. ಅಡ್ಡಡ್ಡ ಎಳೆದ್ರೆ 130ರ ಮೇಲೇ ಹೋಗ್ತೈತೆ.

ಎರೆಹೊಲ, ರಾಯಚೂರು

ದಂಡ ಅಲ್ಲ, ನಿಮಗೆ ಅದೇ ಬೇಕು. 130ಕ್ಕೆ ಹಿಡಿದರೆ ಒಂದೊಂದು ಐಲೆರಾನಿಗೆ 25 ಕೆಜಿ-ಸೆಂ.ಮೀ ಬರ್ತದೆ. ಕಬ್‌ಗೆ 3, ನಿಮಗೆ 25. ರೆಕ್ಕೆ ಉದ್ದದಲ್ಲಿ ಕಬ್ ನಿಮ್ಮದಕ್ಕಿಂತ ದೊಡ್ಡದು ಅನ್ನೋದನ್ನ ಗಮನಿಸಿ.

ಇನ್ನೊಂದು ಮೋಜು ನೋಡಿ. ನೀವು ಮೂತಿ ಮೇಲೆ ಮಾಡಿ ನಿಲ್ಲಿಸಿ ಆಟ ಆಡ್ತೀರಲ್ಲ, 45 ಡಿಗ್ರಿ ತಿರುವು ಕೊಟ್ಟು? ಆಗ ವೇಗ 50 ಇದ್ದರೂ ಹೊರೆ ಆರೂವರೆ ಅಷ್ಟೇ. ನೋಡಲಿಕ್ಕೆ ಅದೇ ಭಯಂಕರ, ಸರ್ವೋಗೆ ಅದು ಆರಾಮ. ಸರ್ವೋ ಸಾಯೋದು ಜೋರಾಗಿ ಹೋಗುವಾಗ ದೊಡ್ಡ ತಿರುವಿನ ಸ್ವಿಚ್ ಹಾಗೇ ಮರೆತು ಟ್ರಾನ್ಸ್‌ಮಿಟರಿನ ಕಡ್ಡಿ ಎಳೆದಾಗ.

ಸಿಂಧನೂರು ಹುಡುಗ

ಸರ್, ಒಂದು ಸಣ್ಣ ಪ್ರಶ್ನೆ, ನಗಬ್ಯಾಡ್ರಿ. ಈ ಕೆಜಿ-ಸೆಂ.ಮೀ ಅಂದ್ರ ಏನು? ಮತ್ತ ಡಬ್ಬಿ ಮ್ಯಾಲೆ ಬರ್ದಿದ್ದು ಖರೇನ ಇರ್ತದ ಅಂತ ಹೆಂಗ ತಿಳ್ಕೊಳ್ಳೋದು? ನಾ ಒಂದು ಮೆಟಲ್ ಗೇರ್ ಸರ್ವೋ ತರಿಸಿದ್ದೆ, 20 ಕೆಜಿ ಅಂತ ಬರ್ದಿತ್ತು, ಕೈಯಾಗ ಹಿಡಿದ್ರ ನಿಂತುಬಿಡ್ತದ.

ಸಂಡೂರು ಕೆಂಪುಧೂಳು

ಇದ್ರಾಗ ನಗೋದೇನೈತೆ ತಮ್ಮಾ. ಸರ್ವೋದ ನಡುವಿನ ಅಚ್ಚಿನಿಂದ ಒಂದು ಸೆಂ.ಮೀ ದೂರದಾಗ ಎಷ್ಟು ಕೆಜಿ ಎತ್ತುತ್ತೋ ಅದು. ಎರಡು ಸೆಂ.ಮೀ ದೂರ ಹೋದ್ರೆ ಅದರ ಅರ್ಧ.

ಪರೀಕ್ಷೆ ಮನೇಲೇ ಮಾಡು. ಸರ್ವೋನ ಮೇಜಿನ ಅಂಚಿಗೆ ಬಿಗಿಯಾಗಿ ಕಟ್ಟು. ಆರ್ಮ್‌ನಾಗ (ಅಚ್ಚಿನ ಮೇಲೆ ಕೂತ ತೂತಿನ ಕೈ) ಸರಿಯಾಗಿ 2 ಸೆಂ.ಮೀ ದೂರದ ತೂತಿಗೆ ದಾರ ಕಟ್ಟಿ 5 ಲೀಟರ್ ನೀರಿನ ಕ್ಯಾನ್ ತೂಗಾಕು. ಆರ್ಮ್ ನೆಲಕ್ಕೆ ಸಮನಾಗಿ ಇರುವಾಗ ಎತ್ತಿದ್ರೆ 10 ಕೆಜಿ-ಸೆಂ.ಮೀ ಐತೆ ಅಂತ ಅರ್ಥ. ಎತ್ತದೆ ಗುಂಯ್ ಅಂತಿದ್ರೆ ತಕ್ಷಣ ಪವರ್ ತೆಗಿ, ಹಂಗೇ ಬಿಟ್ರೆ ಮೋಟರ್ ಸುಟ್ಟು ಹೋಗ್ತೈತೆ. ವೋಲ್ಟೇಜನ್ನ ಅದೇ ಹೊತ್ತಿಗೆ ಮೀಟರ್‌ನಾಗ ನೋಡ್ತಿರು. ಡಬ್ಬಿ ಮೇಲೆ ದಪ್ಪಕ್ಷರದಾಗ ಬರೆದಿರೋದು ಯಾವಾಗ್ಲೂ ಅತೀ ಹೆಚ್ಚು ವೋಲ್ಟೇಜಿನ ಅಂಕಿ. ಫುಟಾಬಾ ಎಸ್3003 ಅನ್ನೋ ಹಳೇ ಸ್ಟ್ಯಾಂಡರ್ಡ್ ಸರ್ವೋನೇ ತಗೋ, 4.8 ವೋಲ್ಟಿಗೆ 3.2, 6 ವೋಲ್ಟಿಗೆ 4.1. ಒಂದೇ ಸರ್ವೋ, ಬ್ಯಾಟರಿ ಬೇರೆ.

ಟಾರ್ಕ್ ಸರಿ ಇದ್ರೂ ಇನ್ನೊಂದು ನೋಡು. ಕಡ್ಡಿ ಎಡಕ್ಕೆ ಎಳೆದು ಬಿಡು, ಆರ್ಮ್ ಎಲ್ಲಿ ನಿಂತಿತು ಅಂತ ಪೆನ್ಸಿಲ್ ಗೆರೆ ಹಾಕು. ಬಲಕ್ಕೆ ಎಳೆದು ಬಿಡು, ಮತ್ತೆ ಗೆರೆ. ಎರಡು ಗೆರೆ ಕೂಡಲಿಲ್ಲ ಅಂದ್ರೆ ಆ ಸರ್ವೋ ರೋಬಾಟಿನ ಕೈಗೆ ಆದೀತು, ವಿಮಾನಕ್ಕೆ ಬ್ಯಾಡ. ಹಾರ್ತಾ ಟ್ರಿಮ್ ಮಾಡಿದಷ್ಟೂ (ನೇರ ಹೋಗೋ ಹಂಗೆ ಚೂರು ಚೂರು ತಿದ್ದಿದಷ್ಟೂ) ವಿಮಾನ ಒಂದು ಕಡೆ ವಾಲ್ತಾನೇ ಇರ್ತೈತೆ, ನೀನು ರೆಕ್ಕೆ ಸೊಟ್ಟ ಅಂತ ಹುಡುಕ್ತಾ ಕೂತಿರ್ತೀಯ.

ಗಿಣಿಗೇರಾ ಗಾಳಿಪಟ, ಕೊಪ್ಪಳ

ಎಲ್ರಿಗೂ ಧನ್ಯವಾದ್ರಿ. 25 ಕೆಜಿದು ಬ್ಯಾಡ ಅಂತ ಮನಸಿಗೆ ಬಂತು. ಹಿಟೆಕ್ ಎಚ್‌ಎಸ್-645 ಎಂಜಿ ಅಂತ ಐತಲ್ರಿ, ಮೆಟಲ್ ಗೇರ್‌ದು, 6 ವೋಲ್ಟಿಗೆ 9.6 ಅಂತ ಕೊಟ್ಟಾರ. ಐಲೆರಾನ್, ಎಲಿವೇಟರ್, ರಡ್ಡರ್ ಎಲ್ಲಕ್ಕೂ ಅದನ್ನ ಹಾಕಿದ್ರ? ಥ್ರಾಟಲ್‌ಗೆ ಮಾತ್ರ ಸ್ಟ್ಯಾಂಡರ್ಡ್ ಇಡೂಣು ಅಂತ.

ಎರೆಹೊಲದವರ, ಸರ್ವೋ 45 ಡಿಗ್ರಿ ತಿರುಗಬೇಕು ಅಂದ್ರಿ. ನಾ ಆರ್ಮ್ ಉದ್ದಂದು ಹಾಕಿ ಟ್ರಾನ್ಸ್‌ಮಿಟರ್‌ನ್ಯಾಗ ಎಂಡ್ ಪಾಯಿಂಟ್ (ಸರ್ವೋ ಎಷ್ಟು ತಿರುಗಬೇಕನ್ನೂ ಮಿತಿ) ನೂರಕ್ಕ 50ಕ್ಕ ಇಳಿಸ್ಬೇಕಂತ ಮಾಡಿದ್ದೆ. ಫೋಮ್ ವಿಮಾನದಾಗ ಹಂಗ ಮಾಡ್ತಿದ್ದೆ.

ಎರೆಹೊಲ, ರಾಯಚೂರು

ಅದು ದೊಡ್ಡ ವಿಮಾನದಲ್ಲಿ ನಡೆಯೋದಿಲ್ಲ. ಇಡೀ ಚರ್ಚೆಯಲ್ಲಿ ಇದೊಂದೇ ನೆನಪಿಟ್ಟರೂ ಸಾಕು ಅನ್ನುವಷ್ಟು ಮುಖ್ಯ ವಿಷಯ, ಸ್ವಲ್ಪ ಉದ್ದ ಬರೀತೀನಿ.

10 ಕೆಜಿ-ಸೆಂ.ಮೀ ಸರ್ವೋ ತಗೊಳ್ಳಿ. ಆರ್ಮ್‌ನಲ್ಲಿ ಎರಡೂವರೆ ಸೆಂ.ಮೀ ದೂರದ ತೂತಿಗೆ ಪುಶ್‌ರಾಡ್ (ಸರ್ವೋದಿಂದ ಪಟ್ಟಿಗೆ ಹೋಗುವ ಸರಳು) ಹಾಕಿದರೆ ರಾಡ್ ಮೇಲೆ 4 ಕೆಜಿ ಬಲ. ಪಟ್ಟಿಯ ಕಡೆ ಹಾರ್ನ್ (ರಾಡ್ ಸಿಕ್ಕಿಸುವ ಕೊಂಬು) 4 ಸೆಂ.ಮೀ ಎತ್ತರ ಇದ್ದರೆ ಪಟ್ಟಿಗೆ ಸಿಗೋದು 16. ಈಗ ಅದನ್ನೇ ತಿರುಗಿಸಿ, ಆರ್ಮ್ 4, ಹಾರ್ನ್ ಎರಡೂವರೆ. ರಾಡ್ ಮೇಲೆ ಎರಡೂವರೆ ಕೆಜಿ, ಪಟ್ಟಿಗೆ ಸಿಗೋದು 6.25. ದುಡ್ಡು ಅಷ್ಟೇ ಕೊಟ್ಟಿದ್ದೀರಿ, ಒಂದು ಕಡೆ 16, ಒಂದು ಕಡೆ 6.

ಎಂಡ್ ಪಾಯಿಂಟ್ ಇಳಿಸಿದರೆ ಆಗೋದು ಇದೇ. ನಿಮ್ಮ ಐಲೆರಾನ್ 25 ಡಿಗ್ರಿ ತಿರುಗಲಿಕ್ಕೆ ಸರ್ವೋ ಕೂಡ 25 ಡಿಗ್ರಿ ಮಾತ್ರ ತಿರುಗಿದರೆ ಮೇಲೆ ಲೆಕ್ಕ ಹಾಕಿದ 3 ಹೋಗಿ ಆರೂವರೆ ಬೇಕಾಗ್ತದೆ. ಎರಡನೇ ನಷ್ಟ ನಿಖರತೆಯದು: ಸರ್ವೋದ ಗೇರಿನಲ್ಲಿರುವ ಚೂರು ಸಡಿಲ ಪಟ್ಟಿಯ ತುದಿಯಲ್ಲಿ ದೊಡ್ಡದಾಗಿ ಕಾಣ್ತದೆ.

ಹಾಗಾಗಿ ಟ್ರಾನ್ಸ್‌ಮಿಟರ್‌ನಲ್ಲಿ 100 ಅಥವಾ ಮೇಲೆ ಇಡಿ. ತಿರುವು ಹೆಚ್ಚಾದರೆ ಆರ್ಮ್‌ನಲ್ಲಿ ಒಳಗಿನ ತೂತಿಗೆ ಬನ್ನಿ, ಹಾರ್ನ್‌ನಲ್ಲಿ ಹೊರಗಿನ ತೂತಿಗೆ ಹೋಗಿ. ಕಬ್‌ಗೆ 25 ಡಿಗ್ರಿ ಸಾಕಾದ್ದರಿಂದ ನಿಮಗೆ ಇದು ಸಲೀಸು. ಎಕ್ಸ್‌ಟ್ರಾದವರಿಗೆ ಈ ಭಾಗ್ಯ ಇಲ್ಲ, ಅವರಿಗೆ ದೊಡ್ಡ ತಿರುವೂ ಬೇಕು, ಬಲವೂ ಬೇಕು, ಅದಕ್ಕೇ ಅವರ ಜೇಬು ಖಾಲಿ.

ಕೋಟೆಗುಡ್ಡ, ಬಳ್ಳಾರಿ

ಜೇಬಿನ ಮಾತು ಬ್ಯಾಡ ಮೇಷ್ಟ್ರೇ, ಮನೇಲಿ ಇದನ್ನ ಓದ್ತಾರೆ.

ಆದ್ರೂ ಕೇಳ್ತೀನಿ. ಹೆಚ್ಚು ಟಾರ್ಕ್ ಇದ್ರೆ ನಷ್ಟ ಏನು?

ಸಂಡೂರು ಕೆಂಪುಧೂಳು

ನಷ್ಟ ಕರೆಂಟಿಂದು. 25 ಕೆಜಿ ಸರ್ವೋ ಎಲ್ಲಾದ್ರೂ ಸಿಕ್ಕೊಂಡು ನಿಂತ್ರೆ ಒಂದೇ ಮೂರು ನಾಲ್ಕು ಆಂಪಿಯರ್ ಎಳೀತೈತೆ, ಕೆಲವು ಇನ್ನೂ ಹೆಚ್ಚು. ಅಂಥವು ಐದಾರು ಒಟ್ಟಿಗೆ ಕೆಲಸ ಮಾಡ್ವಾಗ ಬ್ಯಾಟರಿ, ಸ್ವಿಚ್ಚು, ವೈರು ಎಲ್ಲ ಅದಕ್ಕೆ ತಕ್ಕಂಗೆ ದಪ್ಪ ಆಗ್ಬೇಕು. ನೀನು ಹಂಗೆ ಮಾಡಿದೀಯ, ಎರಡು ಬ್ಯಾಟರಿ ಹಾಕಿದೀಯ, ನಾನೇ ನೋಡಿದೀನಿ. ಫೋಮ್ ವಿಮಾನದಿಂದ ಬಂದೋರು ಏನ್ ಮಾಡ್ತಾರೆ ಅಂದ್ರೆ ದೊಡ್ಡ ಸರ್ವೋ ಹಾಕಿ ಬ್ಯಾಟರಿ ಮಾತ್ರ ಹಳೇದೇ ಇಡ್ತಾರೆ.

ಇದ್ರ ಪರಿಣಾಮ ಕಣ್ಣಿಗೆ ಕಾಣಲ್ಲ. ನೆಲದ ಮೇಲೆ ಕಡ್ಡಿ ಆಡಿಸಿದ್ರೆ ಎಲ್ಲ ಚೆನ್ನಾಗೇ ಓಡ್ತೈತೆ, ಯಾಕಂದ್ರೆ ಗಾಳಿ ಒತ್ತಡ ಇಲ್ಲ. ಮೇಲೆ ಜೋರಾಗಿ ಲೂಪ್ ಎಳೆದ ಕ್ಷಣ ಎಲ್ಲ ಸರ್ವೋ ಒಟ್ಟಿಗೆ ಕರೆಂಟ್ ಕೇಳ್ತಾವೆ, ವೋಲ್ಟೇಜ್ ದಬ್ ಅಂತ ಬೀಳ್ತೈತೆ. ಈಗಿನ 2.4 ಗಿಗಾಹರ್ಟ್ಸ್ ರಿಸೀವರ್‌ಗಳು ಮೂರೂವರೆ ವೋಲ್ಟಿನ ಆಸುಪಾಸು ಬಂದ್ರೆ ಬಂದಾಗಿ ಮತ್ತೆ ಶುರುವಾಗ್ತಾವೆ. ಆ ಒಂದೆರಡು ಸೆಕೆಂಡ್ ವಿಮಾನ ಯಾರ ಮಾತೂ ಕೇಳಲ್ಲ. ಬಿದ್ಮೇಲೆ ಹೋಗಿ ನೋಡಿದ್ರೆ ಎಲ್ಲ ಸರ್ವೋ ಆಡ್ತಿರ್ತಾವೆ, ಜನ "ಸಿಗ್ನಲ್ ಹೋಯ್ತು" ಅಂತಾರೆ.

ಗಿಣಿಗೇರಾ ಅಣ್ಣ, ನಿಮಗೆ ನನ್ನ ಸಲಹೆ ಇಷ್ಟು. 645 ಎಂಜಿ 4.8ರಿಂದ 6 ವೋಲ್ಟಿಗೆ ಮಾಡಿದ್ದು. ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತುಂಬಿದಾಗ 8.4 ಇರ್ತೈತೆ, ಅದನ್ನ ಸೀದಾ ಕೊಡಬ್ಯಾಡ್ರಿ. ಐದು ಸೆಲ್ಲಿನ ನಿಕಲ್ ಮೆಟಲ್ ಹೈಡ್ರೈಡ್ ಹಾಕ್ರಿ, ಇಲ್ಲಾಂದ್ರೆ 6 ವೋಲ್ಟಿಗೆ ಇಳಿಸೋ ಒಳ್ಳೇ ರೆಗ್ಯುಲೇಟರ್, ಕನಿಷ್ಠ 10 ಆಂಪಿಯರ್‌ದು. ನಾಳೆ ಯಾರೋ ರಡ್ಡರ್‌ಗೆ ಮಾತ್ರ ಹೈ ವೋಲ್ಟೇಜ್ ಸರ್ವೋ ಹಾಕು ಅಂತಾರೆ. ರಿಸೀವರ್ ಎಲ್ಲ ಸರ್ವೋಗೂ ಒಂದೇ ವೋಲ್ಟೇಜ್ ಹಂಚ್ತೈತೆ, ಒಂದಕ್ಕೆ 8.4 ಕೊಟ್ರೆ ಎಲ್ಲಕ್ಕೂ 8.4. ಕಲಸಬ್ಯಾಡ್ರಿ.

ಬ್ಯಾಟರಿ ಎರಡು, ಸ್ವಿಚ್ ಎರಡು, ರಿಸೀವರ್‌ಗೆ ಹೋಗೋ ದಾರಿ ಎರಡು. ನಮ್ಮ ಬಯಲಿನಾಗ ಬಿದ್ದ ಒಂದು ದೊಡ್ಡ ವಿಮಾನದಾಗ ಸರ್ವೋ, ಬ್ಯಾಟರಿ ಎಲ್ಲ ಮೇಲ್ದರ್ಜೆದೇ ಇತ್ತು. ಸ್ವಿಚ್ ಬಿಚ್ಚಿದ್ರೆ ಒಳಗಿನ ಹಿತ್ತಾಳೆ ಪಟ್ಟಿ ಕಪ್ಪಾಗಿ ಕೂತಿತ್ತು. ಎಂಜಿನ್ ನಡುಕಕ್ಕೆ ಸಂಪರ್ಕ ಬಿಟ್ಟು ಬಿಟ್ಟು ಸಿಗ್ತಿತ್ತು ಅಂತ ಕಾಣ್ತೈತೆ.

ಐಲೆರಾನಿಗೆ ಹೋಗೋ ಉದ್ದ ವೈರು ತೆಳುವಾದ 26 ಗೇಜ್ ಬ್ಯಾಡ, 22 ಗೇಜ್ ತಗೋರಿ. ಎಕ್ಸ್‌ಟೆನ್ಷನ್ ಕನೆಕ್ಟರ್ ಕೂಡೋ ಜಾಗ ಬಿಚ್ಚಿಕೊಳ್ಳದಂಗೆ ಕಟ್ಬೇಕು. ನಾನು ಬಳ್ಳಾರಿ ಜೀನ್ಸ್ ಹೊಲಿಯೋ ದಪ್ಪ ದಾರದಾಗ ಎರಡು ಸುತ್ತು ಕಟ್ತೀನಿ, ಅದ್ರ ಮೇಲೆ ಹೀಟ್‌ಶ್ರಿಂಕ್ (ಬಿಸಿ ಕೊಟ್ರೆ ಬಿಗಿಯೋ ಕೊಳವೆ). ಟೇಪ್ ಹಾಕಿದ್ರೆ ನಮ್ಮ ಬೇಸಿಗೆಗೆ ಅಂಟು ಕರಗಿ ಜಾರ್ತೈತೆ.

ಸಿಂಧನೂರು ಹುಡುಗ

ಡಿಜಿಟಲ್ ಸರ್ವೋ ಹಾಕಿದ್ರ ಛಲೋ ಅಲ್ಲೇನ್ರಿ? 645 ಅನಲಾಗ್ ಅಂತ ಓದೀನಿ.

ಎರೆಹೊಲ, ರಾಯಚೂರು

ಮೋಟರ್, ಗೇರು ಎರಡರಲ್ಲೂ ಹೆಚ್ಚುಕಡಿಮೆ ಅವೇ ತಮ್ಮಾ, ಒಳಗಿನ ತಲೆ ಬೇರೆ. ಅನಲಾಗ್ ಸರ್ವೋ ಮೋಟರಿಗೆ ಸೆಕೆಂಡಿಗೆ 50 ಸಲ ವಿದ್ಯುತ್ ತಟ್ಟುತ್ತದೆ, ಡಿಜಿಟಲ್ 300 ಸಲದ ಹತ್ತಿರ. ಹಾಗಾಗಿ ಗಾಳಿ ಪಟ್ಟಿಯನ್ನು ಒತ್ತಿದಾಗ ಡಿಜಿಟಲ್ ಬೇಗ ತಿರುಗಿ ನಿಲ್ಲುತ್ತದೆ, ಬಿಗಿಯಾಗಿ ಹಿಡೀತದೆ. ಸುಮ್ಮನೆ ಇದ್ದಾಗಲೂ ಗುಂಯ್‌ಗುಡುತ್ತಾ ಕರೆಂಟ್ ತಿನ್ನುತ್ತದೆ. ಎಕ್ಸ್‌ಟ್ರಾಗೆ ಬೇಕೇ ಬೇಕು. ಕಬ್ ನಿಧಾನದ ಹಕ್ಕಿ, ಅದಕ್ಕೆ ಅನಲಾಗ್ ಸಾಕು.

ವೇಗದ ಮಾತೂ ಹೀಗೇ. ಡಬ್ಬಿ ಮೇಲೆ 60 ಡಿಗ್ರಿಗೆ 0.20 ಸೆಕೆಂಡ್ ಅಂತ ಇರ್ತದೆ. ಕಬ್‌ಗೆ ಅದು ಯಥೇಷ್ಟ. 0.10ರದ್ದು ಬೇಕಾಗೋದು ನಿಂತಲ್ಲೇ ಸುತ್ತುವ ವಿಮಾನದ ರಡ್ಡರ್‌ಗೆ.

ತುಂಗಭದ್ರಾ ಹಿನ್ನೀರು, ಮುನಿರಾಬಾದ್

ನಾನೂ ಕಬ್ ಹಾರಿಸುವವಳು, ಇದಕ್ಕಿಂತ ಸ್ವಲ್ಪ ಸಣ್ಣದು. ಇಲ್ಲಿ ಎಲ್ಲರೂ ಗಾಳಿಯ ಹೊರೆ ಲೆಕ್ಕ ಹಾಕ್ತಿದ್ದೀರಿ. ಕಬ್‌ನ ರಡ್ಡರ್ ಸರ್ವೋ ಸಾಯೋದು ಗಾಳಿಯಲ್ಲಲ್ಲ, ನೆಲದ ಮೇಲೆ.

ಬಾಲದ ಗಾಲಿ ರಡ್ಡರ್‌ಗೆ ಸೇರಿರುತ್ತದೆ. ನಾವು ಹಾರಿಸೋದು ಡಾಂಬರಿನ ಮೇಲೆ ಅಲ್ಲ, ಕಡಲೆ ಕಿತ್ತ ಎರೆ ಹೊಲದಲ್ಲೋ, ನೀರು ಇಳಿದ ಹಿನ್ನೀರಿನ ಬಯಲಿನಲ್ಲೋ. ಒಣಗಿದ ಎರೆ ಹೆಂಟೆ ಕಲ್ಲಿಗಿಂತ ಗಟ್ಟಿ. ಇಳಿದು ಓಡುವಾಗ ಗಾಲಿ ಹೆಂಟೆಗೆ ಬಡಿದು ಅಡ್ಡ ತಿರುಗಿದರೆ ಆ ಏಟೆಲ್ಲ ಸೀದಾ ಗೇರಿನ ಹಲ್ಲಿಗೆ. ನೈಲಾನ್ ಗೇರ್ ಆದರೆ ಒಂದೆರಡು ಹಲ್ಲು ಹಾರಿಹೋಗುತ್ತದೆ, ಅದೂ ಪೂರ್ತಿ ಕೆಡದೆ ನಡುವಿನ ಒಂದು ಜಾಗದಲ್ಲಿ ಮಾತ್ರ ಜಾರುತ್ತದೆ. ನೋಡಿದರೆ ಸರಿ ಇದ್ದ ಹಾಗೇ ಕಾಣುತ್ತದೆ. ಅದಕ್ಕೇ ರಡ್ಡರ್‌ಗೆ ಮೆಟಲ್ ಗೇರ್ ಕಡ್ಡಾಯ. ಜೊತೆಗೆ ಗಾಲಿಗೂ ರಡ್ಡರ್‌ಗೂ ನಡುವೆ ಗಟ್ಟಿ ತಂತಿ ಹಾಕದೆ ಎರಡೂ ಬದಿ ಸಣ್ಣ ಸ್ಪ್ರಿಂಗ್ ಹಾಕಿ, ಏಟು ಅಲ್ಲೇ ನಿಲ್ಲುತ್ತದೆ.

ರಡ್ಡರ್‌ಗೆ ಎರಡೂ ಬದಿಯಿಂದ ಎಳೆಯುವ ಕೇಬಲ್ ಹಾಕುವ ವಿಚಾರ ಇದ್ದರೆ ತಂಬೂರಿ ತಂತಿಯ ಹಾಗೆ ಬಿಗಿಯಬೇಡಿ. ಸರ್ವೋದ ಬೇರಿಂಗ್ ಮೇಲೆ ಸದಾ ಭಾರ ಬೀಳುತ್ತದೆ. ಜೋಲು ಬೀಳದಷ್ಟು ಬಿಗಿ ಇದ್ದರೆ ಸಾಕು.

ಗಿಣಿಗೇರಾ ಗಾಳಿಪಟ, ಕೊಪ್ಪಳ

ಅಕ್ಕಾರ, ಇದು ಖರೇ ಮಾತು. ನಮ್ಮ ಕಡೆ ಹೊಲಾನೂ ಹಂಗ ಐತ್ರಿ. ಮೆಟಲ್ ಗೇರ್ ಅಂದ್ರ ಎಲ್ಲಕ್ಕೂ ಅದ ಇರ್ಲಿ ಅಲ್ರಿ?

ತುಂಗಭದ್ರಾ ಹಿನ್ನೀರು, ಮುನಿರಾಬಾದ್

ಇರಲಿ, ಆದರೆ ಮೆಟಲ್ ಅಂದರೆ ಸವೆಯೋದಿಲ್ಲ ಅಂತಲ್ಲ. ಪೆಟ್ರೋಲ್ ಎಂಜಿನ್ನಿನ ನಡುಕಕ್ಕೆ ಹಲ್ಲುಗಳು ಒಂದನ್ನೊಂದು ತಿಕ್ಕಿ ನಿಧಾನಕ್ಕೆ ಸಡಿಲ ಆಗುತ್ತವೆ. ನೈಲಾನ್ ಮುರಿದು ಹೇಳುತ್ತದೆ, ಮೆಟಲ್ ಹೇಳೋದೇ ಇಲ್ಲ. ಪವರ್ ಹಾಕಿ, ಪಟ್ಟಿಯ ಹಿಂದಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸರ್ವೋ ತಿರುಗದೆ ಅಂಚು ಒಂದು ಮಿಲಿಮೀಟರ್‌ಗಿಂತ ಹೆಚ್ಚು ಆಡಿದರೆ ನಾನು ಅವತ್ತು ಹಾರಿಸೋದಿಲ್ಲ. ಗೇರ್ ಸೆಟ್ ಬೇರೆ ಸಿಗುತ್ತದೆ, ಬದಲಿಸಿಕೊಳ್ಳಬಹುದು. ಕ್ಲೆವಿಸ್ (ರಾಡ್ ತುದಿಯ ಕೊಂಡಿ) ಕೂಡುವ ತೂತು ಅಗಲ ಆಗಿರುವುದೂ ಉಂಟು, ಎಲ್ಲ ತಪ್ಪನ್ನೂ ಸರ್ವೋ ಮೇಲೆ ಹಾಕಬೇಡಿ.

ಈ ಸಡಿಲವೇ ಫ್ಲಟರ್‌ಗೆ ಬೀಜ. ವೇಗದಲ್ಲಿ ಐಲೆರಾನ್ ತಾನೇ ಅದುರಲಿಕ್ಕೆ ಶುರುಮಾಡಿ ಝೇಂಕಾರದಂಥ ಸದ್ದು ಬರುತ್ತದೆ. ಸದ್ದು ಕೇಳಿದ ತಕ್ಷಣ ಥ್ರಾಟಲ್ ಪೂರ್ತಿ ಇಳಿಸಿ, ಮೂತಿ ಮೆಲ್ಲಗೆ ಎತ್ತಿ ವೇಗ ಕಳೆಯಿರಿ, ಇಳಿಸಿ ನೋಡಿ. ಐಲೆರಾನ್ ಕೀಲಿನ (ಹಿಂಜ್) ಸಂದಿಯನ್ನು ತೆಳು ಪಾರದರ್ಶಕ ಟೇಪಿನಿಂದ ಮುಚ್ಚಿದರೆ ಫ್ಲಟರ್ ಅಪಾಯ ಕಡಿಮೆ, ಐಲೆರಾನ್ ಕೆಲಸವೂ ಚುರುಕು.

ಕೋಟೆಗುಡ್ಡ, ಬಳ್ಳಾರಿ

ಧೂಳಿನ ಬಗ್ಗೆ ಯಾರೂ ಹೇಳ್ಲಿಲ್ಲ. ಸಂಡೂರು ಕಡೆ ಹಾರಿಸಿದ್ರೆ ಅದಿರಿನ ಧೂಳನ್ನ ಸರ್ವೋ ಮೋಟರಿನ ಮ್ಯಾಗ್ನೆಟ್ ಎಳ್ಕೊಂಡು ಜಾಮ್ ಆಗ್ತೈತೆ ಅಂತಾರೆ.

ಸಂಡೂರು ಕೆಂಪುಧೂಳು

ಅಂತಾರೆ, ಆದ್ರೆ ಅಷ್ಟೊಂದಿಲ್ಲ ಬಿಡು. ನಮ್ಮ ಕಡೆ ಅದಿರು ಬಹುಪಾಲು ಹೆಮಟೈಟ್, ಅದನ್ನ ಮ್ಯಾಗ್ನೆಟ್ ಹಿಡಿಯೋದು ಅಷ್ಟಕ್ಕಷ್ಟೇ. ತೊಂದ್ರೆ ಬೇರೆ. ಆ ಧೂಳು ಬಲು ನುಣುಪು, ಗೇರಿನ ಗ್ರೀಸ್‌ಗೆ ಕಲೆತ್ರೆ ಸಾಣೆ ಹಿಡಿಯೋ ಪುಡಿ ಆಗ್ತೈತೆ, ಹಲ್ಲು ಬೇಗ ಸವೀತಾವೆ. ಸರ್ವೋದ ಮೇಲ್ಭಾಗ ರೆಕ್ಕೆ ಹೊರಗೆ ಬರದಂಗೆ ಒಳಗೇ ಕೂಡಿಸಿ ಮುಚ್ಚಳ ಹಾಕ್ರಿ, ಆರ್ಮ್ ಆಡೋಕೆ ಸೀಳು ಮಾತ್ರ ಬಿಡ್ರಿ. ಮತ್ತೆ ಏಪ್ರಿಲ್, ಮೇನಾಗ ಬಿಸಿಲಾಗ ನಿಲ್ಲಿಸಿದ ಕಾರಿನಾಗ ವಿಮಾನ ಇಡಬ್ಯಾಡ್ರಿ. ಹೊರಗೆ 42 ಇದ್ರೆ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಡಬಲ್ ಸೈಡ್ ಟೇಪಿನಾಗ ಅಂಟಿಸಿದ ಸರ್ವೋ ಕೈಗೇ ಬರ್ತೈತೆ. ದೊಡ್ಡ ವಿಮಾನಕ್ಕೆ ಸ್ಕ್ರೂ ಬಿಟ್ಟು ಬೇರೆ ಮಾತಿಲ್ಲ.

ಎರೆಹೊಲ, ರಾಯಚೂರು

ಬಳ್ಳಾರಿ ಕಡೆ ಹಾರಿಸುವವರಿಗೆ ಒಂದು ಮಾತು, ವಿಷಯ ಬಿಟ್ಟು ಆಚೆ ಹೋಗ್ತಿದ್ದೀನಿ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಹತ್ತಿರ ಇದೆ. 2021ರ ಡ್ರೋನ್ ನಿಯಮಗಳು ನಮ್ಮ ಮಾಡೆಲ್‌ಗಳಿಗೂ ತಟ್ಟುತ್ತವೆ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಬಯಲು ಯಾವ ಬಣ್ಣದಲ್ಲಿದೆ ನೋಡಿಕೊಂಡೇ ಹೋಗಿ.

ಗಿಣಿಗೇರಾ ಗಾಳಿಪಟ, ಕೊಪ್ಪಳ

ಎಲಿವೇಟರ್‌ಗೆ ಒಂದ ಸರ್ವೋ ಹಾಕ್ಲೋ, ಅರ್ಧಕ್ಕೊಂದು ಹಾಕ್ಲೋ? ಲೆಕ್ಕದ ಪ್ರಕಾರ ಎರಡೂ ಕೂಡಿ 5 ಕೆಜಿ ಒಳಗ ಐತಿ, ಒಂದ 645 ಸಾಕಾಗ್ತೈತಲ್ರಿ.

ಕೋಟೆಗುಡ್ಡ, ಬಳ್ಳಾರಿ

ಎರಡು ಹಾಕಣ್ಣ. ಇದ್ರಾಗ ಮಾತ್ರ ನಾನು ಹಿಂದಕ್ಕೆ ಸರಿಯಲ್ಲ. ಟಾರ್ಕ್‌ಗೆ ಅಲ್ಲ, ಜೀವಕ್ಕೆ. ಒಂದು ಐಲೆರಾನ್ ಹೋದ್ರೆ ಇನ್ನೊಂದ್ರಾಗ ಇಳಿಸಬಹುದು. ರಡ್ಡರ್ ಹೋದ್ರೂ ಇಳಿಸಬಹುದು. ಎಲಿವೇಟರ್ ಹೋದ್ರೆ ಮುಗೀತು. ಅರ್ಧ ಎಲಿವೇಟರ್ ಇದ್ರೂ ಕಬ್ ಮನೆಗೆ ಬರ್ತೈತೆ.

ತುಂಗಭದ್ರಾ ಹಿನ್ನೀರು, ಮುನಿರಾಬಾದ್

ನಾನು ಒಂದೇ ಹಾಕಿದ್ದೇನೆ, ಬಾಲದಲ್ಲಿ ತೂಕ ಬೇಡ ಅಂತ. ಕಬ್‌ನ ಮೂತಿ ಗಿಡ್ಡ. ಬಾಲದಲ್ಲಿ 50 ಗ್ರಾಂ ಏರಿಸಿದರೆ ಅದನ್ನು ತೂಗಿಸಲಿಕ್ಕೆ ಮುಂದೆ ಅದರ ಮೂರರಷ್ಟು ಸೀಸ ಕಟ್ಟಬೇಕಾಗುತ್ತದೆ. ಒಂದೇ ಒಳ್ಳೆ ಸರ್ವೋ ರೆಕ್ಕೆಯ ಕೆಳಗೆ ಕೂಡಿಸಿ, ಗಟ್ಟಿ ಪುಶ್‌ರಾಡ್‌ನಲ್ಲಿ ಹಿಂದಕ್ಕೆ ಒಯ್ದರೆ ಆಯಿತು.

ಕೋಟೆಗುಡ್ಡ, ಬಳ್ಳಾರಿ

ಅಕ್ಕಾ, ಎರಡನ್ನೂ ರೆಕ್ಕೆ ಕೆಳಗೇ ಕೂಡಿಸಿ ಎರಡು ರಾಡ್ ಒಯ್ಯಬಹುದಲ್ಲ?

ತುಂಗಭದ್ರಾ ಹಿನ್ನೀರು, ಮುನಿರಾಬಾದ್

ಒಯ್ಯಬಹುದು. ಆದರೂ ನಾನು ಒಂದೇ ಹಾಕುವವಳು.

ಎರೆಹೊಲ, ರಾಯಚೂರು

ಎರಡು ಹಾಕುವುದಾದರೆ ವೈ ಕೇಬಲ್‌ನಲ್ಲಿ (ಒಂದು ವೈರು ಎರಡಾಗಿ ಕವಲೊಡೆದದ್ದು) ಸೇರಿಸಬೇಡಿ, ಎರಡು ಬೇರೆ ಚಾನಲ್‌ಗೆ ಕೊಟ್ಟು ಟ್ರಾನ್ಸ್‌ಮಿಟರ್‌ನಲ್ಲಿ ಮಿಕ್ಸ್ ಮಾಡಿ. ಎದುರು ಬದುರು ಕೂಡಿಸಿದ ಸರ್ವೋಗಳಲ್ಲಿ ಒಂದನ್ನು ಉಲ್ಟಾ ಮಾಡಬೇಕಾಗ್ತದೆ, ನಡು, ಮೇಲು, ಕೆಳಗು ಮೂರನ್ನೂ ಒಂದಕ್ಕೊಂದು ಸರಿಹೊಂದಿಸಲಿಕ್ಕೂ ಅದೇ ದಾರಿ. ಎಕ್ಸ್‌ಟ್ರಾದವರು ಒಂದೇ ಪಟ್ಟಿಗೆ ಎರಡು ಸರ್ವೋ ಕಟ್ಟಿದರಂತೂ ಇದನ್ನ ಇನ್ನೂ ಬಿಗಿಯಾಗಿ ನೋಡಬೇಕು. ಒಂದು ಮೇಲೆ ಅಂದರೆ ಇನ್ನೊಂದು ಕೆಳಗೆ ಅಂತ ಜಗಳ ಆಡಿ ಬ್ಯಾಟರಿ ತಿಂದುಹಾಕ್ತವೆ. ಆಂಪಿಯರ್ ಮೀಟರ್ ಹಾಕಿ ನೋಡಿದರೆ ಗೊತ್ತಾಗ್ತದೆ, ಪಟ್ಟಿ ಸುಮ್ಮನೆ ನಿಂತಾಗ ಕರೆಂಟ್ ಏರಿದ್ದರೆ ಜಗಳ ಇದೆ.

ಗಿಣಿಗೇರಾ ಗಾಳಿಪಟ, ಕೊಪ್ಪಳ

ಆತ್ರಿ, ನಿರ್ಧಾರ ಮಾಡಿದೆ. 645 ಎಂಜಿ ಐದು: ಐಲೆರಾನ್‌ಗೆ ಎರಡು, ಎಲಿವೇಟರ್‌ಗೆ ಎರಡು (ಎರಡೂ ರೆಕ್ಕಿ ಕೆಳಗ, ಅಕ್ಕಾರು ಸಿಟ್ಟಾಗಬಾರ್ದು), ರಡ್ಡರ್‌ಗೆ ಒಂದು. ಥ್ರಾಟಲ್‌ಗೆ ಮನ್ಯಾಗ ಇರೂ ಹಳೇ ಫುಟಾಬಾ. ಐದು ಸೆಲ್ಲಿನ ಬ್ಯಾಟರಿ ಎರಡು, ಸ್ವಿಚ್ ಎರಡು. ಥ್ರಾಟಲ್‌ಗೆ ತಂತಿ ರಾಡ್ ನಡಿತೈತೇನ್ರಿ? ಹಳೇ ಫುಟಾಬಾ ಆರ್ಮ್ ಒಂದು ಮುಷ್ಟಿ ಬಿದ್ದಾವ, ಅವನ್ನ ಹಿಟೆಕ್‌ಗೆ ಹಾಕಬಹುದೇನು?

ಸಂಡೂರು ಕೆಂಪುಧೂಳು

ಥ್ರಾಟಲ್‌ಗೆ ತಂತಿ ಬ್ಯಾಡ, ನೈಲಾನ್ ಕೊಳವೆ ರಾಡ್ ಹಾಕ್ರಿ. ಪೆಟ್ರೋಲ್ ಎಂಜಿನ್ ಇಗ್ನಿಷನ್ನಿನ ಗದ್ದಲ ಲೋಹದ ರಾಡ್ ಹಿಡ್ಕೊಂಡು ರೇಡಿಯೋ ಕಡೆ ಬರ್ತೈತೆ. ಇಗ್ನಿಷನ್ ಬ್ಯಾಟರಿ ಬೇರೆ, ರಿಸೀವರ್ ಬ್ಯಾಟರಿ ಬೇರೆ. ಇಗ್ನಿಷನ್ ಪೆಟ್ಟಿಗೆಯಿಂದ ರಿಸೀವರ್, ಸರ್ವೋ ಒಂದಡಿಯಾದ್ರೂ ದೂರ.

ಆರ್ಮ್ ಬದಲಾಯಿಸಬ್ಯಾಡ್ರಿ. ಫುಟಾಬಾ ಅಚ್ಚಿಗೆ 25 ಹಲ್ಲು, ಹಿಟೆಕ್‌ಗೆ 24, ಜೆಆರ್‌ಗೆ 23. ಪ್ಲಾಸ್ಟಿಕ್ ಆರ್ಮ್ ಒತ್ತಿದ್ರೆ ಕೂತಂಗೆ ಕಾಣ್ತೈತೆ, ಹೊರೆ ಬಿದ್ರೆ ಜಾರ್ತೈತೆ. ಮತ್ತೆ ನಡುವಿನ ಸ್ಕ್ರೂಗೆ ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದಂಗೆ ಹಿಡಿಯೋ ಅಂಟು) ಹಾಕೋದಾದ್ರೆ ಲೋಹದ ಆರ್ಮ್ ಇದ್ದಾಗ ಮಾತ್ರ, ಪ್ಲಾಸ್ಟಿಕ್ ಆರ್ಮ್‌ಗೆ ಅದು ತಗುಲಿದ್ರೆ ಸೀಳು ಬಿಡ್ತೈತೆ.

ಸಿಂಧನೂರು ಹುಡುಗ

ಸರ್ವೋ ಜೋಡಿ ಸಣ್ಣ ಹಿತ್ತಾಳಿ ಕೊಳವಿ, ರಬ್ಬರ್ ಬರ್ತಾವಲ್ರಿ, ಅವು ಹಾಕ್ಲೇಬೇಕೇನ್ರಿ?

ತುಂಗಭದ್ರಾ ಹಿನ್ನೀರು, ಮುನಿರಾಬಾದ್

ಹಾಕಲೇಬೇಕು, ಎಂಜಿನ್ ನಡುಕ ಸರ್ವೋಗೆ ತಟ್ಟದಿರಲಿ ಅಂತಲೇ ಅವು ಇರೋದು. ಮೊದಲು ರಬ್ಬರ್ ಕೂಡಿಸು, ಆಮೇಲೆ ಹಿತ್ತಾಳೆ ಕೊಳವೆಯನ್ನು ಕೆಳಗಿನಿಂದ ತೂರಿಸು, ಅದರ ಅಗಲ ಅಂಚು ಮರಕ್ಕೆ ತಾಗಬೇಕು. ಬಹಳ ಜನ ಮೇಲಿನಿಂದ ಹಾಕುತ್ತಾರೆ, ಆಗ ಚೂಪು ಕಡೆ ಮರದೊಳಗೆ ಇಳಿಯುತ್ತದೆ, ಸ್ಕ್ರೂ ಬಿಗಿದಷ್ಟೂ ರಬ್ಬರ್ ಅಪ್ಪಚ್ಚಿಯಾಗುತ್ತದೆ. ಸರಿಯಾಗಿ ಹಾಕಿದರೆ ಸ್ಕ್ರೂ ಕೊಳವೆಗೆ ತಾಗಿ ನಿಲ್ಲುತ್ತದೆ, ರಬ್ಬರ್ ಮೆತ್ತಗೇ ಇರುತ್ತದೆ. ಗಿಣಿಗೇರಾದವರೆ, ಪ್ಲೈವುಡ್‌ನಲ್ಲಿ ಸ್ಕ್ರೂ ತೂತು ಕೊರೆದ ಮೇಲೆ ಒಂದು ಸಲ ಸ್ಕ್ರೂ ಹಾಕಿ ತೆಗೆಯಿರಿ, ತೂತಿಗೆ ತೆಳು ಸೂಪರ್ ಗ್ಲೂ ಒಂದು ಹನಿ ಬಿಟ್ಟು ಪೂರ್ತಿ ಒಣಗಿಸಿ, ಆಮೇಲೆ ಸರ್ವೋ ಕೂಡಿಸಿ.

ಗಿಣಿಗೇರಾ ಗಾಳಿಪಟ, ಕೊಪ್ಪಳ

ಆತ್ರಿ ಅಕ್ಕಾರ. ಸರ್ವೋ ಬಂದ ಮ್ಯಾಲೆ ಮೊದಲ 5 ಲೀಟರ್ ಕ್ಯಾನ್ ತೂಗಹಾಕಿ ನೋಡ್ತೀನಿ, ಅಂಕಿ ಇಲ್ಲೇ ಬರೀತೀನಿ.